ಮೇಲಿನ ಕೋಣೆಯ ಹದಿನೈದು ವೋಲ್ಟು

ಟಿವಿ ಕೆಟ್ಟಿದೆ ಎಂದು ನನ್ನ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನರ ಟಿವಿ ಕೆಟ್ಟಿರುವುದಿಲ್ಲ. ಯಾರೋ ಕಸ ಗುಡಿಸುವಾಗ ತಂತಿ ಎಳೆದಿರುತ್ತಾರೆ, ಕಾಗೆ ಆಂಟೆನಾದ ಮೇಲೆ ಕೂತು ಅದರ ಮುಖ ತಿರುಗಿಸಿರುತ್ತದೆ, ಇಲ್ಲವೇ ಮನೆಯ ಅಜ್ಜ ರಿಮೋಟಿನ ಮೇಲೆ ಕೂತಿರುತ್ತಾನೆ. ಅಪ್ಪನಿಂದ ಈ ಅಂಗಡಿ ನನ್ನ ಕೈಗೆ ಬಂದ ಮೇಲೆ ನಮ್ಮ ಬಂದರಿನ ಅರ್ಧ ಮನೆಗಳ ಮಾಡು ಹತ್ತಿ ಇಳಿದಿದ್ದೇನೆ. ದೆವ್ವ ಭೂತ ಎಂದು ಬಾಯಿಬಿಡುವವರನ್ನು ಕಂಡರೆ ನನಗಾಗದು. ಅಂಥವರ ಮುಂದೆ ಟೆಸ್ಟರ್ ಹಿಡಿದು, ಇಗೋ ಇದು ನಿಮ್ಮ ದೆವ್ವ, ತುಕ್ಕು ಹಿಡಿದ ಸ್ಕ್ರೂ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಬಂದಿದ್ದೇನೆ. ಈಗ ನಾನೇ ಇಂಥದ್ದೊಂದನ್ನು ಹೇಳಲು ಕೂತಿದ್ದೇನೆ, ನನಗೇ ಕಸಿವಿಸಿ.

ಅದು ಸೆಪ್ಟೆಂಬರ್. ಎರಡು ದಿನದಿಂದ ಅಲೆ ಜೋರಾಗಿ ಒಂದು ದೋಣಿಯೂ ಹೊರಟಿರಲಿಲ್ಲ. ಬೆಳಿಗ್ಗೆ ಅಂಗಡಿಗೆ ನಗಿಸಾ ಬಂದಳು. ಬಂದರಿನ ತುದಿಯಲ್ಲಿರುವ ತಂಗುಮನೆಯನ್ನು ಈಗ ನೋಡಿಕೊಳ್ಳುವವಳು ಅವಳೇ.

"ಫುಸಾ ಅತ್ತೆ, ನಮ್ಮ ಟಿವಿಗೆ ಏನೋ ಆಗಿದೆ."

"ಯಾವ ಕೋಣೇದು?"

"ಎಲ್ಲಾ ಕೋಣೇದೂ. ಆಂಟೆನಾದ ಚಾನೆಲ್ ಚೆನ್ನಾಗೇ ಬರ್ತಾವೆ. ಡಿಶ್ಶಿಂದು ಬರಲ್ಲ. ಹೋದ ವರ್ಷ ಅಪ್ಪನ ಹಳೇ ಟಿವಿ ಸತ್ತುಹೋಯ್ತು ಅಂತ ನೀವು ಗುಜರಿಗೆ ತಗೊಂಡು ಹೋದ್ರಲ್ಲ, ಆಮೇಲಿಂದ ಇಲ್ಲ."

"ವರ್ಷ ಆದ್ಮೇಲೆ ನೆನಪಾಯ್ತಾ ನಿನಗೆ?"

"ಗಾಳ ಹಾಕೋಕೆ ಬರೋರಿಗೆ ಟಿವಿ ಯಾಕೆ ಅತ್ತೆ? ಈಗ ಅಲೆ ತಡೆಗೋಡೆ ರಿಪೇರಿಯವರು ಬಂದಿದಾರೆ. ಸಾಯಂಕಾಲ ಬೇಸ್‌ಬಾಲ್ ಬರದಿದ್ರೆ ಪಟ್ಟಣದ ಹೋಟೆಲ್ಲಿಗೆ ಹೋಗ್ತೀವಿ ಅಂತಾನೆ ಅವರ ಮೇಸ್ತ್ರಿ. ಬಾಯಿ ಅಂದ್ರೆ ಬಾಯಿ ಅವನದು." ಅವಳು ದನಿ ತಗ್ಗಿಸಿದಳು. "ಬರೋದೇ ಇಲ್ಲ ಅಂದಿದ್ರೆ ನಾನೂ ಅರ್ಥ ಮಾಡ್ಕೊಳ್ತಿದ್ದೆ. ಮಧ್ಯಾಹ್ನ ಬರುತ್ತೆ. ಒಂದು ಗಂಟೆಗೆ ಎಲ್ಲ ಕೋಣೇಲೂ ಒಟ್ಟಿಗೇ ಬರುತ್ತೆ. ಮೂರು ಆಯ್ತು ಅಂದ್ರೆ ಹೋಗುತ್ತೆ."

"ಯಾವತ್ತಿಂದ?"

"ಭಾನುವಾರದಿಂದ. ಜುಲೈಲೂ ಹೀಗೇ ಆಗಿತ್ತು. ಮೇ ತಿಂಗಳಲ್ಲೂ. ಎರಡು ವಾರ ಬಂದು ನಿಂತುಹೋಯ್ತು."

ನನ್ನ ಕೈಯಲ್ಲಿದ್ದ ಚಹಾ ಲೋಟ ಅಲ್ಲೇ ನಿಂತಿತು. ಭಾನುವಾರ ಸೂಮೊ ಕುಸ್ತಿಯ ಪಂದ್ಯಾವಳಿ ಶುರುವಾಗಿತ್ತು. ತಿಂಗಳು ಬಿಟ್ಟು ತಿಂಗಳು ಎರಡು ವಾರ ನಡೆಯುವ ಪಂದ್ಯಾವಳಿ. ದೊಡ್ಡ ಕುಸ್ತಿಪಟುಗಳದು ಸಂಜೆ ಮಾಮೂಲಿ ಚಾನೆಲ್ಲಿನಲ್ಲೇ ಬರುತ್ತದೆ, ಊರೆಲ್ಲ ನೋಡುತ್ತದೆ. ಕೆಳಗಿನ ದರ್ಜೆಯ ಹುಡುಗರದು ಮಧ್ಯಾಹ್ನ ಒಂದರಿಂದ ಮೂರರ ತನಕ, ಡಿಶ್ಶಿನಲ್ಲಿ ಮಾತ್ರ. ನಮ್ಮ ಬಂದರಿನಲ್ಲಿ ಅದನ್ನು ತಪ್ಪದೆ ನೋಡುತ್ತಿದ್ದವರು ಇಬ್ಬರೇ. ಒಬ್ಬ ಕ್ಷೌರದಂಗಡಿಯವನು, ಯಾಕೆಂದರೆ ಅವನ ಮಗ ವರ್ಷಗಳಿಂದ ಆ ಕೆಳಗಿನ ದರ್ಜೆಯಲ್ಲೇ ಒದ್ದಾಡುತ್ತಿದ್ದಾನೆ. ಇನ್ನೊಬ್ಬ ನಗಿಸಾಳ ಅಪ್ಪ ತೊಕುಜಿ. ಆ ಹುಡುಗನಿಗೆ ಮೊದಲ ಕಚ್ಚೆ ಕಟ್ಟಿ ಮರಳಲ್ಲಿ ಕುಸ್ತಿ ಕಲಿಸಿದವನು ತೊಕುಜಿಯೇ.

ತೊಕುಜಿ ಸಮುದ್ರಕ್ಕೆ ಹೋಗಿ ಎಂಟು ವರ್ಷ. ರಾತ್ರಿ ದೀಪ ಹಚ್ಚಿ ಸ್ಕ್ವಿಡ್, ಅಂದರೆ ಬೊಂಡಾಸ ಮೀನು, ಹಿಡಿಯಲು ಒಬ್ಬನೇ ಹೊರಟವನು. ಮಾರನೆಯ ದಿನ ದೋಣಿ ಸಿಕ್ಕಿತು, ಅದರ ದೊಡ್ಡ ದೀಪಗಳು ಹಗಲು ಬೆಳಕಿನಲ್ಲೂ ಉರಿಯುತ್ತಲೇ ಇದ್ದವು. ಚಹಾ ಫ್ಲಾಸ್ಕಿನಲ್ಲಿ ಚಹಾ ಬಿಸಿಯಾಗೇ ಇತ್ತು. ಅವನು ಸಿಗಲಿಲ್ಲ.

"ಅಮ್ಮಂಗೆ ಗೊತ್ತಾ?" ಎಂದು ಕೇಳಿದೆ.

"ಅವರು ಟಿವಿ ನೋಡಲ್ಲ. ಆದ್ರೆ ನಿನ್ನೆ ಮೆಟ್ಟಿಲ ಕೆಳಗೆ ನಿಂತ್ಕೊಂಡು ಮೇಲೆ ನೋಡ್ತಿದ್ರು." ನಗಿಸಾ ಕೈಚೀಲದ ಹಿಡಿ ತಿರುಚುತ್ತಿದ್ದಳು. "ಅತ್ತೆ, ಏನೇ ಇರ್ಲಿ, ತಂತಿ ಹಾಳಾಗಿದೆ ಅಂತ ಹೇಳ್ಬಿಡಿ. ಸೋಮವಾರ ಅಮ್ಮನ ಆಪರೇಷನ್ನಿಗೆ ತಾರೀಖು ಕೊಟ್ಟಿದಾರೆ, ಇದು ಮೂರನೇ ಸಲ. ಈ ಸಲ ಹೃದಯ ರಿಪೇರಿ ಆಗದಿದ್ರೆ ಚಳಿಗಾಲ ದಾಟೋದು ಕಷ್ಟ ಅಂದಿದಾರೆ ಡಾಕ್ಟ್ರು. ಅಪ್ಪ ಮನೇಲಿದಾರೆ ಅಂತ ಏನಾದ್ರೂ ತಲೇಲಿ ಕೂತ್ರೆ, ಅಮ್ಮ ಹೊಸಿಲು ದಾಟಲ್ಲ."

ಅವಳಮ್ಮ ಮಿಸಾವೊ ಅಕ್ಕ ಎರಡು ಸಲ ಆಸ್ಪತ್ರೆಗೆ ಹೋಗದಿದ್ದ ಕಾರಣ ಊರಿಗೆಲ್ಲ ಗೊತ್ತು. ಗಂಡನಿಗೆ ನೆರಳೂಟ ಇಡುವುದು ತಪ್ಪುತ್ತದೆ ಎಂದು. ಮನೆಯವರು ದೂರ ಹೋಗಿದ್ದಾಗ, ಯುದ್ಧಕ್ಕೋ ಸಮುದ್ರಕ್ಕೋ ಹೋಗಿದ್ದಾಗ, ಅವರು ಕೂರುವ ಜಾಗದಲ್ಲಿ ದಿನಾ ಒಂದು ಊಟ ಬಡಿಸಿಡುವುದು ನಮ್ಮಲ್ಲಿ ಹಳೆಯ ರೂಢಿ. ಅವರು ಅಲ್ಲಿ ಉಪವಾಸ ಬೀಳದಿರಲಿ, ಬದುಕಿ ಬರಲಿ ಎಂದು. ನನ್ನಜ್ಜಿಯೂ ಇಡುತ್ತಿದ್ದಳು. ಆದರೆ ಅದು ಬದುಕಿರುವವರ ಊಟ. ಸತ್ತವರಿಗೆ ಬೇರೆ ಜಾಗ, ಬೇರೆ ಬಟ್ಟಲು, ಬೇರೆ ಧೂಪ. ಮಿಸಾವೊ ಅಕ್ಕ ಗಂಡನ ಅಂತ್ಯಕ್ರಿಯೆಗೆ ಒಪ್ಪಿರಲಿಲ್ಲ. ದೇಗುಲದ ಗುರುಗಳು ಬಂದು, ದೇಹ ಸಿಗದಿದ್ದರೆ ಚಿಂತೆಯಿಲ್ಲ, ಅವನದೇ ಒಂದು ವಸ್ತು ಕುಡಿಕೆಯಲ್ಲಿಟ್ಟು ಕರ್ಮ ಮಾಡೋಣ ಎಂದಾಗ, "ಕುಡಿಕೇಲಿ ಇಡೋಕೆ ನನ್ಹತ್ರ ಏನೂ ಇಲ್ಲ" ಎಂದು ಚಹಾ ಕೊಟ್ಟು ಕಳಿಸಿದ್ದಳು.

ನಾನು ಹೋದಾಗ ಊಟದ ಹೊತ್ತು. ಮೇಸ್ತ್ರಿ ಮತ್ತವನ ಜನ ಕೆಳಗಿನ ಕೋಣೆಗಳಲ್ಲಿ ಕೆಲಸವಿಲ್ಲದೆ ಬಿದ್ದುಕೊಂಡಿದ್ದರು. ಅಡುಗೆಮನೆಯಲ್ಲಿ ಮಿಸಾವೊ ಅಕ್ಕ ಒಲೆಯ ಮುಂದೆ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಬಾಯಿ ಮಾತ್ರ ಹಾಗೇ ಇತ್ತು.

"ಬಂದ್ಯಾ ಫುಸಾ. ಮೊಣಕಾಲು ಹಿಡ್ಕೊಂಡು ನಡೀತಿದೀಯ, ಇನ್ನೂ ಮಾಡು ಹತ್ತೋ ಚಪಲ ಹೋಗಿಲ್ಲ."

"ನಾನು ಹತ್ತದಿದ್ರೆ ನೀನು ಹತ್ತು ಅಕ್ಕ. ಒಂದು ಮೆಟ್ಟಿಲಿಗೆ ಮೂರು ಸಲ ಉಸಿರು ಬಿಡೋಳು."

ಅವಳು ನಕ್ಕಳು. ನಗುತ್ತಲೇ ಕುದಿಯುವ ಮಿಸೊ ಸಾರನ್ನು ಬಟ್ಟಲಿಗೆ ಬಗ್ಗಿಸಿ ತಟಕ್ಕನೆ ಮುಚ್ಚಳ ಮುಚ್ಚಿದಳು. ಅನ್ನ, ಸುಟ್ಟ ಮೀನು, ಉಪ್ಪಿನಲ್ಲಿ ಹಾಕಿದ ಮೂಲಂಗಿ, ಎಲ್ಲ ಹರಿವಾಣದಲ್ಲಿಟ್ಟು ತೊಕುಜಿ ಕೂರುತ್ತಿದ್ದ ಕಡೆಗೆ ತಿರುಗಿಸಿದಳು. ಕೈಮುಗಿದು, ಸಾರಿನ ಮುಚ್ಚಳ ತೆಗೆದು ಅಡಿ ಮೇಲು ಮಾಡಿ ನೋಡಿದಳು. ಒಳಗೆಲ್ಲ ಹನಿ ಕೂತಿತ್ತು.

"ಇದ್ದಾನೆ," ಎಂದಳು.

ಮುಚ್ಚಳಕ್ಕೆ ಹನಿ ಕಟ್ಟಿದರೆ ಹೋದವನು ಬದುಕಿದ್ದಾನೆ, ಒಣಗಿದ್ದರೆ ಇಲ್ಲ. ಇದೂ ಹಳೆಯ ನಂಬಿಕೆಯೇ. ಕೊತಕೊತ ಕುದಿಯುವ ಸಾರಿಗೆ ಮುಚ್ಚಳ ಹಾಕಿದರೆ ಹನಿ ಕಟ್ಟದೆ ಏನು ಕಟ್ಟುತ್ತದೆ? ಎಂಟು ವರ್ಷದಲ್ಲಿ ಒಂದು ದಿನವೂ ಆ ಸಾರು ಕುದಿ ಕಡಿಮೆಯಾಗದ ಹಾಗೆ ಅವಳು ನೋಡಿಕೊಂಡಿದ್ದಳು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಮರುಕವೂ ಬಂತು. ಏಣಿ ತೆಗೆದುಕೊಂಡು ಅಟ್ಟ ಹತ್ತಿದೆ.

ಇಲ್ಲಿ ಒಂದಿಷ್ಟು ತಂತಿಯ ವಿಷಯ ಹೇಳಲೇಬೇಕು. ಮಾಡಿನ ಮೇಲೆ ಆಂಟೆನಾ ಒಂದು, ಡಿಶ್ ಒಂದು. ಎರಡರ ತಂತಿಗಳೂ ಅಟ್ಟದಲ್ಲಿ ಸೇರಿ ಒಂದಾಗಿ, ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯಲ್ಲಿ ಮತ್ತೆ ಕವಲೊಡೆದು ಕೋಣೆಕೋಣೆಗೆ ಇಳಿಯುತ್ತವೆ. ಆಂಟೆನಾ ಸಾಧು, ಅದಕ್ಕೆ ಏನೂ ಬೇಡ. ಡಿಶ್ಶಿಗೆ ಮಾತ್ರ ಹದಿನೈದು ವೋಲ್ಟು ಕರೆಂಟು ಉಣಿಸಬೇಕು. ಉಣಿಸುವುದು ಕೋಣೆಯ ಟಿವಿ. ಚಿತ್ರ ಇಳಿದು ಬರುವ ತಂತಿಯಲ್ಲೇ ಕರೆಂಟು ಹತ್ತಿ ಹೋಗುತ್ತದೆ. ಒಳ್ಳೆಯ ಸ್ಪ್ಲಿಟರ್ ಆದರೆ ಯಾವ ಕೋಣೆಯ ಟಿವಿ ಹಾಕಿದರೂ ಡಿಶ್ಶಿಗೆ ಕರೆಂಟು ಸಿಗುತ್ತದೆ. ಅಗ್ಗದ್ದರಲ್ಲಿ ಒಂದೇ ಒಂದು ಬಾಯಿ ಕರೆಂಟನ್ನು ಬಿಡುತ್ತದೆ, ಉಳಿದ ಬಾಯಿಗಳು ತಡೆಯುತ್ತವೆ. ಆ ಒಂದು ಬಾಯಿಗೆ ಸೇರಿದ ಟಿವಿ ಉಣಿಸಿದರೆ ಮನೆಗೆಲ್ಲ ಚಿತ್ರ. ಅದು ಉಣಿಸದಿದ್ದರೆ ಯಾರಿಗೂ ಇಲ್ಲ.

ಈ ಮನೆಯ ತಂತಿ ಎಳೆದವಳು ನಾನಲ್ಲ. ತೊಕುಜಿಯೇ ಎಳೆದದ್ದು, ನನ್ನ ಅಂಗಡಿಯ ರೇಟು ಜಾಸ್ತಿ ಎಂದು. ಸಾಮಾನು ಎಲ್ಲಿಂದಲೋ ಅಗ್ಗಕ್ಕೆ ತಂದಿದ್ದ. ಕಾಸಿಗೆ ತಕ್ಕ ಕಜ್ಜಾಯ, ಸ್ಪ್ಲಿಟರ್ ಒಂದು ಬಾಯಿಯದೇ ಆಗಿತ್ತು. ಆದರೆ ಕೆಲಸ ಅಚ್ಚುಕಟ್ಟು. ಯಾವ ತಂತಿ ಯಾವ ಕೋಣೆಯದು ಎಂದು ತಿಳಿಯಲು ಒಂದೊಂದಕ್ಕೂ ದೋಣಿಯ ಹುರಿ ಕಟ್ಟಿದ್ದ. ಅತಿಥಿಗಳ ಕೋಣೆಯವಕ್ಕೆ ಸಾದಾ ಗಂಟು. ಕರೆಂಟು ಬಿಡುವ ಬಾಯಿಗೆ ಸೇರಿದ ತಂತಿಗೆ ಮಾತ್ರ ದೋಣಿಯನ್ನು ದಡದ ಗೂಟಕ್ಕೆ ಕಟ್ಟುವ ಗಂಟು. ಎಳೆದಷ್ಟೂ ಬಿಗಿಯುವ ಗಂಟು ಅದು, ತಾನಾಗಿ ಎಂದೂ ಬಿಚ್ಚಿಕೊಳ್ಳದು. ಗೊತ್ತಿರುವವರು ಹೆಬ್ಬೆರಳು ಒತ್ತಿದರೆ ಮಾತ್ರ ಒಂದೇ ಏಟಿಗೆ ಬಿಚ್ಚುತ್ತದೆ. ಆ ತಂತಿ ಹಿಡಿದು ಹೋದೆ. ಅದು ಮಹಡಿಯ ಕೊನೆಯ ಕೋಣೆಗೆ, ಅವನ ಸ್ವಂತ ಕೋಣೆಗೆ ಇಳಿದಿತ್ತು. ಮನೆಗೆಲ್ಲ ಚಿತ್ರ ಸಿಗಬೇಕಾದರೆ ಯಜಮಾನನ ಟಿವಿ ಉಣಿಸಬೇಕು, ಅಂಥ ಏರ್ಪಾಡು. ಅವನ ಕುಚೋದ್ಯ ನೆನಪಾಗಿ ಅಟ್ಟದಲ್ಲಿ ಒಬ್ಬಳೇ ನಕ್ಕೆ.

ಹಾಗಾದರೆ ಲೆಕ್ಕ ಸರಿಯಿತ್ತು. ಅವನ ಹಳೆಯ ಟಿವಿ ಆಫ್ ಆಗಿದ್ದಾಗಲೂ ಪ್ಲಗ್ಗಿನಲ್ಲಿದ್ದಷ್ಟು ದಿನ ಡಿಶ್ಶಿಗೆ ಉಣಿಸುತ್ತಿತ್ತು. ಅದು ಸತ್ತಿತು, ನಾನೇ ಹೊತ್ತುಕೊಂಡು ಹೋದೆ, ಡಿಶ್ ಉಪವಾಸ ಬಿತ್ತು. ಮಧ್ಯಾಹ್ನ ಒಂದರಿಂದ ಮೂರರ ತನಕ ಅದಕ್ಕೆ ಉಣಿಸುವವರು ಯಾರು ಎಂಬುದಷ್ಟೇ ಲೆಕ್ಕಕ್ಕೆ ಕೂರಲಿಲ್ಲ.

ಮಹಡಿಯ ಕೊನೆಯ ಕೋಣೆಯ ಬಾಗಿಲು ಸರಿಸಿದೆ. ಒಳಗೆ ಚಾಪೆ, ಮಡಿಸಿಟ್ಟ ಒಂದು ಕೂರುವ ದಿಂಬು, ಮುಚ್ಚಿದ ಕಿಟಕಿ. ಟಿವಿ ಇದ್ದ ಮೂಲೆಯಲ್ಲಿ ಚಾಪೆಯ ಮೇಲೆ ಅದರ ಕಾಲಿನ ಕುಳಿ ಹಾಗೇ ಇತ್ತು. ಗೋಡೆಯಲ್ಲಿ ಆಂಟೆನಾದ ಸಾಕೆಟ್ಟು, ಅದಕ್ಕೆ ಏನೂ ಸಿಕ್ಕಿಸಿರಲಿಲ್ಲ. ಅಪ್ಪನ ಕಾಲದ ಮುಳ್ಳಿನ ಟೆಸ್ಟರನ್ನು ಸಾಕೆಟ್ಟಿಗೆ ಹಿಡಿದೆ. ಮುಳ್ಳು ಸೊನ್ನೆಯಲ್ಲಿತ್ತು. ಸರಿ ಎಂದುಕೊಂಡು, ಗಂಟೆ ಒಂದಾಗಲಿ ಎಂದು ಮುಳ್ಳನ್ನೇ ನೋಡುತ್ತ ಕೂತೆ.

ಮುಳ್ಳು ಎದ್ದಿತು. ನೆಗೆಯಲಿಲ್ಲ, ನಡುಗಲಿಲ್ಲ. ನಿಧಾನಕ್ಕೆ, ಮನುಷ್ಯ ಕೂತಲ್ಲಿಂದ ಏಳುವ ಹಾಗೆ ಎದ್ದು ಹದಿನೈದರ ಮೇಲೆ ನಿಂತಿತು. ಅದೇ ಗಳಿಗೆಗೆ ಕೆಳಗಿನ ಎಲ್ಲ ಕೋಣೆಗಳಿಂದ ಸೂಮೊ ಕಣದಲ್ಲಿ ಪಂದ್ಯ ಸಾರಲು ಬಡಿಯುವ ಮರದ ಪಟ್ಟಿಗಳ ಟಕ್ ಟಕ್ ಸದ್ದು ಒಟ್ಟಿಗೇ ಕೇಳಿತು.

"ಬಂತು ನೋಡ್ರೋ," ಎಂದ ಮೇಸ್ತ್ರಿ ಕೆಳಗಿನಿಂದ.

ಆದರೂ ಕೈ ಕೆಲಸ ಬಿಡಲಿಲ್ಲ, ಅಷ್ಟು ವರ್ಷದ ಅಭ್ಯಾಸ. ಅಟ್ಟ ಹತ್ತಿ ಆ ತಂತಿಯನ್ನು ಸ್ಪ್ಲಿಟರಿನಿಂದ ಬಿಚ್ಚಿದೆ.

"ಹೋಯ್ತು," ಎಂದ ಮೇಸ್ತ್ರಿ.

ಬಿಚ್ಚಿದ ತುದಿಗೆ ಟೆಸ್ಟರ್ ಹಿಡಿದೆ. ಹದಿನೈದು. ಈ ತುದಿ ನನ್ನ ಕೈಯಲ್ಲಿ ಜೋಲುತ್ತಿತ್ತು, ಆ ತುದಿ ಖಾಲಿ ಕೋಣೆಯ ಖಾಲಿ ಸಾಕೆಟ್ಟಿನಲ್ಲಿತ್ತು. ನಡುವೆ ಎಲ್ಲೂ ಜೋಡಣೆ ಇರಲಿಲ್ಲ, ಬೆರಳಾಡಿಸಿ ನೋಡಿದೆ. ಇಲಿ ಕಡಿದಿರಲಿಲ್ಲ, ತೇವ ಇರಲಿಲ್ಲ, ಪಕ್ಕದಲ್ಲಿ ಬೇರೆ ಲೈನೂ ಇರಲಿಲ್ಲ. ತಂತಿ ಮತ್ತೆ ಹಾಕಿದೆ. "ಬಂತು," ಎಂದ ಮೇಸ್ತ್ರಿ. "ಯಾರದು ಮೇಲೆ, ತೆಗೆದು ಹಾಕಿ ಆಟ ಆಡ್ತಿರೋದು?"

ಇಳಿದು ಕೋಣೆಗೆ ಬಂದೆ. ಮಡಿಸಿಟ್ಟಿದ್ದ ದಿಂಬು ಸಾಕೆಟ್ಟಿನ ಎದುರಿಗೆ ಬಿಚ್ಚಿ ಹಾಸಿತ್ತು. ನಡುವೆ ತಗ್ಗು ಬಿದ್ದಿತ್ತು. ನಾನದನ್ನು ಮುಟ್ಟಲಿಲ್ಲ, ಸುತ್ತು ಹಾಕಿ ಗೋಡೆಯ ಪಕ್ಕದಿಂದ ಸಾಕೆಟ್ಟಿನ ಹತ್ತಿರ ಹೋದೆ. ಯಾರಾದರೂ ಟಿವಿ ನೋಡುತ್ತಿದ್ದರೆ ನಡುವೆ ಹಾಯಬಾರದು ಎಂಬ ಹಾಗೆ. ಹಾಗೆ ಹೋದೆನೆಂಬುದು ಹೋದ ಮೇಲೆ, ಟೆಸ್ಟರನ್ನು ಮತ್ತೆ ಸಾಕೆಟ್ಟಿಗೆ ಹಿಡಿಯುವಾಗ ನನಗೆ ಹೊಳೆಯಿತು.

ಬಾಗಿಲಲ್ಲಿ ಮಿಸಾವೊ ಅಕ್ಕ ನಿಂತಿದ್ದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಹಿಂದೆ ನಗಿಸಾ ಅವಳ ಬೆನ್ನಿಗೆ ಕೈ ಕೊಟ್ಟು, ನನ್ನತ್ತ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು.

"ಏನಾಗಿದೆಯಂತೆ?" ಎಂದಳು ಮಿಸಾವೊ ಅಕ್ಕ.

"ತಂತಿ ಹಳೇದಾಗಿದೆ ಅಕ್ಕ. ತೇವ ಹಿಡಿದು..."

"ನಿಮ್ಮಪ್ಪನೂ ಸುಳ್ಳು ಹೇಳೋವಾಗ ಹೀಗೇ ಮೂಗು ಉಜ್ಕೋತಿದ್ದ."

ನಾನು ಕೈ ಇಳಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಮಾತು ಹುಡುಕಿದೆ, ಒಂದೂ ಸಿಗಲಿಲ್ಲ. ನಿಜ ಹೇಳಿದರೆ ಅವಳು ಈ ಕೋಣೆಯ ಬಾಗಿಲಿಗೇ ಚಾಪೆ ಹಾಸುತ್ತಾಳೆ, ಸೋಮವಾರ ಬಂದು ಹೋಗುತ್ತದೆ, ಚಳಿಗಾಲವೂ ಬರುತ್ತದೆ. ಸುಳ್ಳು ಹೇಳಿದರೆ ನಾಳೆಯೂ ಸಾರು ಕುದಿಯುತ್ತದೆ, ಮುಚ್ಚಳಕ್ಕೆ ಹನಿ ಕಟ್ಟುತ್ತದೆ, ಅವಳು ಆಗಲೂ ಹೋಗುವುದಿಲ್ಲ. ಎರಡರಲ್ಲೂ ಅವಳು ಸಾಯುವುದೇ ಕಂಡಿತು. ಟೆಸ್ಟರನ್ನು ಅವಳ ಕಡೆ ತಿರುಗಿಸಿದೆ.

"ಡಿಶ್ಶಿಗೆ ಕರೆಂಟು ಈ ಕೋಣೆಯಿಂದ ಹೋಗ್ತಿದೆ ಅಕ್ಕ. ಇಲ್ಲಿ ಟಿವಿ ಆನ್ ಆಗಿದ್ರೆ ಹೇಗೆ ಹೋಗಬೇಕೋ ಹಾಗೆ. ಇಲ್ಲಿ ಟಿವಿ ಇಲ್ಲ. ಹೇಗೆ ಅಂತ ನಂಗೆ ಗೊತ್ತಿಲ್ಲ."

"ಅಮ್ಮ, ಕೆಳಗೆ ಹೋಗೋಣ," ಎಂದಳು ನಗಿಸಾ.

ಮಿಸಾವೊ ಅಕ್ಕ ಮುಳ್ಳನ್ನು ನೋಡಿದಳು. ಹಾಸಿದ ದಿಂಬನ್ನು ನೋಡಿದಳು. ಅವಳು ಅಳುತ್ತಾಳೆ ಎಂದುಕೊಂಡೆ. ಅವಳ ಮುಖದಲ್ಲಿ ಬಂದದ್ದು ಸಿಟ್ಟು, ಹೊತ್ತಿಗೆ ಊಟಕ್ಕೆ ಬಾರದ ಗಂಡನ ಮೇಲಿನ ಸಿಟ್ಟು.

"ಬದುಕಿರೋನು ಬಂದಿದ್ರೆ ಅಡುಗೆಮನೆ ಬಾಗಿಲಿಂದ ಬರ್ತಿದ್ದ," ಎಂದಳು. "ಬೂಟು ಬಿಚ್ಚೋಕೂ ಮುಂಚೆ ಬಿಯರ್ ಎಲ್ಲಿ ಅಂತ ಕೂಗ್ತಿದ್ದ. ಮೀನು ಸೀದಿದೆ ಅಂತಿದ್ದ. ಸದ್ದಿಲ್ದೆ ಮೇಲೆ ಬಂದು, ಹಸ್ಕೊಂಡು, ಗೋಡೆ ನೋಡ್ತಾ ಕೂರೋನಲ್ಲ ಅವನು."

ಕೆಳಗೆ ಟಿವಿಯಲ್ಲಿ ಯಾರೋ ಕುಸ್ತಿಪಟು ಗೆದ್ದ, ನಾಲ್ಕಾರು ಜನ ಚಪ್ಪಾಳೆ ತಟ್ಟಿದರು.

"ಇದ್ದಾನೆ ಇದ್ದಾನೆ ಅಂತ ದಿನಾ ಕೆಳಗೆ ಊಟ ಇಟ್ಟೆ," ಎಂದಳು. ದನಿ ಸಣ್ಣಗಾಗಿತ್ತು. "ಬದುಕಿರೋರ ಊಟ. ಅದನ್ನ ಅವನು ತಿನ್ನೋ ಹಾಗಿಲ್ಲ. ಬಿಟ್ಟು ಹೋಗೋ ಹಾಗೂ ಇಲ್ಲ, ನಾನು ಬಾ ಬಾ ಅಂತ ಎಳೀತಾನೇ ಇದ್ನಲ್ಲ. ಎಂಟು ವರ್ಷ ಕಟ್ಟಿಹಾಕಿದೀನಿ ಫುಸಾ. ದೋಣಿ ಕಟ್ಟಿದ ಹಾಗೆ."

ಅಟ್ಟದ ಗಂಟಿನ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ನಗಿಸಾಗೂ ಹೇಳಿರಲಿಲ್ಲ.

"ನಗಿಸಾ, ಅವನ ಹರಿವಾಣ ತಗೊಂಡು ಬಾ. ಸಾರು ಹೊಸದಾಗಿ ಬಡಿಸು, ಮುಚ್ಚಳ ಹಾಕ್ಬೇಡ."

ಹರಿವಾಣ ಬಂತು. ಮಿಸಾವೊ ಅಕ್ಕ ಅದನ್ನು ದಿಂಬಿನ ಮುಂದೆ ಇಟ್ಟು, ಪಕ್ಕಕ್ಕೆ ಸರಿದು ಕೂತಳು. ಸಾರಿನಿಂದ ಹಬೆ ಏಳುತ್ತಿತ್ತು. ಮುಚ್ಚಳ ಅವಳ ಕೈಯಲ್ಲಿತ್ತು.

"ಕ್ಷೌರದಂಗಡಿ ಹುಡುಗನ ಕುಸ್ತಿ ಆಯ್ತಾ?"

ನಗಿಸಾ ಮೆಟ್ಟಿಲ ಹತ್ತಿರ ಹೋಗಿ ಕೂಗಿ ಕೇಳಿದಳು. ಇನ್ನೂ ಇಲ್ಲವಂತೆ, ಈಗ ಬರುತ್ತಾನಂತೆ ಎಂದಳು.

"ಹಾಗಾದ್ರೆ ಕಾಯೋಣ. ಅದೊಂದು ನೋಡ್ಕೊಂಡು ಹೋಗ್ಲಿ."

ಕಾದೆವು. ಮೂವರು ಹೆಂಗಸರು ಗೋಡೆಗೆ ಒರಗಿ, ಖಾಲಿ ದಿಂಬೊಂದು ಸಾಕೆಟ್ಟಿನ ಎದುರು. ಹಬೆ ತೆಳ್ಳಗಾಯಿತು. ನಾನು ಟೆಸ್ಟರ್ ಹಿಡಿದೇ ಇದ್ದೆ, ಮುಳ್ಳು ಅಲುಗಲಿಲ್ಲ. ಹೆದರಿಕೆ ಆಗಲಿಲ್ಲವೇ ಎಂದರೆ ಆಯಿತು, ಬೆನ್ನು ಪೂರ್ತಿ ಒದ್ದೆಯಾಗಿತ್ತು. ಆದರೆ ಎದ್ದು ಹೋಗುವುದು ಅಗೌರವ ಎನಿಸಿತು. ಎಷ್ಟೋ ಮಧ್ಯಾಹ್ನ ನಾನೂ ಅಪ್ಪನೂ ಈ ಮನೆಗೆ ಬಂದು ಅವನ ಪಕ್ಕ ಕೂತು ಕುಸ್ತಿ ನೋಡಿದ್ದಿದೆ. ಅವನು ಮಾತಾಡಲು ಬಿಡುತ್ತಿರಲಿಲ್ಲ.

ಕೆಳಗೆ ನಮ್ಮೂರ ಹುಡುಗನ ಹೆಸರು ಕರೆದರು. ಮೇಸ್ತ್ರಿಗೂ ಯಾರೋ ಹೇಳಿರಬೇಕು, "ಇವನೇ ಇಲ್ಲಿಯವನು, ನೂಕೋ, ನೂಕೋ," ಎನ್ನುತ್ತಿದ್ದ. ಎರಡು ಮೈ ಬಡಿದುಕೊಂಡ ಸದ್ದು. ಸ್ವಲ್ಪ ಹೊತ್ತು ಬರೀ ಪಾದ ಎಳೆದಾಡುವ ಸದ್ದು. ಆಮೇಲೆ ಕೆಳಗಿನ ಮನೆಯಿಡೀ ಒಮ್ಮೆಗೇ ಕೂಗಿತು.

"ಗೆದ್ದ," ಎಂದಳು ನಗಿಸಾ. ಅವಳ ಕಣ್ಣು ತುಂಬಿ ಹರಿಯುತ್ತಿತ್ತು.

ಮಿಸಾವೊ ಅಕ್ಕ ಕಿರುಬೆರಳನ್ನು ಸಾರಿನಲ್ಲಿ ಅದ್ದಿ ನೋಡಿದಳು. ತಣ್ಣಗಾಗಿತ್ತು. ಮುಚ್ಚಳವನ್ನು ಸೊಂಟಕ್ಕೆ ಕಟ್ಟಿಕೊಂಡ ಅಡುಗೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಬಟ್ಟಲಿಗೆ ಮುಚ್ಚಿದಳು. ಕೈಮುಗಿದಳು. ತೆಗೆದು, ಅಡಿ ಮೇಲು ಮಾಡಿ, ದಿಂಬಿನ ಕಡೆ ಹಿಡಿದಳು.

"ನೋಡು," ಎಂದಳು. "ಒಣಗಿದೆ. ಇಷ್ಟು ದಿನ ನಾನೇ ಕುದಿಸ್ತಿದ್ದೆ. ಗೊತ್ತಿದ್ದೇ ಕುದಿಸ್ತಿದ್ದೆ. ಇನ್ನು ಸಾಕು, ಹೊರಡು. ನನಗೆ ಆಸ್ಪತ್ರೆ ಇದೆ."

ಮುಳ್ಳು ಇಳಿಯತೊಡಗಿತು. ಹದಿನೈದರಿಂದ ಹನ್ನೆರಡು, ಹತ್ತು. ಒಂದು ಕಡೆ ತುಸು ನಿಂತಿತು, ಬಾಗಿಲಲ್ಲಿ ತಿರುಗಿ ನೋಡುವವರು ನಿಲ್ಲುವಷ್ಟು ಹೊತ್ತು. ಆಮೇಲೆ ಸೊನ್ನೆ. ಕೆಳಗೆ ಎಲ್ಲ ಟಿವಿಗಳೂ ಒಟ್ಟಿಗೇ ಬಾಯಿ ಮುಚ್ಚಿದವು. ದಿಂಬಿನ ನಡುವಿನ ತಗ್ಗು ಮೆಲ್ಲಗೆ ತುಂಬಿಕೊಂಡು ಸಮವಾಯಿತು, ಅದನ್ನು ನಾನು ಕಣ್ಣಾರೆ ಕಂಡೆ.

"ಹೋಯ್ತು," ಎಂದ ಮೇಸ್ತ್ರಿ. "ಇನ್ನೂ ಮೂರಾಗಿಲ್ವಲ್ರೀ."

ನಾನು ಮಾಡಲು ಬಂದ ಕೆಲಸ ಇನ್ನೂ ಇತ್ತು. ಯಾವ ಟಿವಿಯ ಹಂಗೂ ಇಲ್ಲದೆ ಡಿಶ್ಶಿಗೆ ತಾನೇ ಉಣಿಸುವ ಪವರ್ ಡಬ್ಬಿಯನ್ನೂ ಹೊಸ ಸ್ಪ್ಲಿಟರನ್ನೂ ಚೀಲದಲ್ಲಿ ತಂದಿದ್ದೆ. ಅವನ್ನು ಹಿಡಿದು ಅಟ್ಟ ಹತ್ತಿದೆ. ಬಿಸಿಲಿಗೆ ಕಾದ ಮಾಡಿನ ಕೆಳಗೆ ಅಟ್ಟ ಒಲೆಯ ಹಾಗಿತ್ತು. ಅತಿಥಿಗಳ ಕೋಣೆಯ ತಂತಿಗಳಲ್ಲಿ ಹುರಿಯ ಸಾದಾ ಗಂಟುಗಳು ಇದ್ದ ಹಾಗೇ ಇದ್ದವು. ತೊಕುಜಿಯ ತಂತಿ ಬರಿದಾಗಿತ್ತು. ಅದರ ಹುರಿ ಕೆಳಗೆ ಹಲಗೆಯ ಮೇಲೆ ಬಿದ್ದಿತ್ತು, ಹರಿದಿರಲಿಲ್ಲ, ನೀಟಾಗಿ ಬಿಚ್ಚಿತ್ತು. ಎತ್ತಿಕೊಂಡೆ. ಒದ್ದೆಯಾಗಿತ್ತು. ಕೈಗೆ ಉಪ್ಪು ಅಂಟಿತು.

ಕೆಲಸ ಮುಗಿಸಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಎಲ್ಲ ಕೋಣೆಗಳಲ್ಲೂ ಚಿತ್ರ ಬಂತೆಂದು ಮೇಸ್ತ್ರಿ ಕೂಗಿ ಹೇಳಿದ ಮೇಲೆ ಇಳಿದು ಅಡುಗೆಮನೆಗೆ ಹೋದೆ. ಒಲೆ ಆರಿತ್ತು. ಮಿಸಾವೊ ಅಕ್ಕ ತೊಕುಜಿಯ ಬಟ್ಟಲುಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಹುರಿಯನ್ನು ಅವಳ ಮುಂದೆ ಇಟ್ಟೆ. ಎಲ್ಲಿ ಕಟ್ಟಿತ್ತು, ಯಾವ ಗಂಟು, ಹೇಗೆ ಸಿಕ್ಕಿತು ಎಂದಷ್ಟೇ ಹೇಳಿದೆ.

ಅವಳು ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡಳು. ಬಹಳ ಹೊತ್ತು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಒದ್ದೆಯನ್ನು ಕೆನ್ನೆಗೆ ಒತ್ತಿಕೊಂಡಳು.

"ದೋಣಿ ಹೊರಡೋವಾಗ ಮೊದಲು ಬಿಚ್ಚೋದು ಇದನ್ನೇ," ಎಂದಳು.

ಆಮೇಲೆ ಬಾಗಿಲಲ್ಲಿದ್ದ ಮಗಳ ಕಡೆ ತಿರುಗಿದಳು.

"ದೇಗುಲಕ್ಕೆ ಫೋನ್ ಮಾಡು ನಗಿಸಾ. ಕುಡಿಕೇಲಿ ಇಡೋಕೆ ಸಿಕ್ಕಿದೆ ಅಂತ ಹೇಳು. ಆದ್ರೆ ಈಗಲೇ ಬರೋದು ಬೇಡ, ಸೋಮವಾರ ನಾನು ಊರಲ್ಲಿರಲ್ಲ ಅಂತಾನೂ ಹೇಳು."